ಒಳಗಿನ ಮೇಡಂಗೆ ಹೇಳಿದ ಒಡಪು

ನನಗೆ ಕೆಲಸ ಸಿಕ್ಕಿದ್ದು ಓದಿನಿಂದಲ್ಲ, ದನಿಯಿಂದ. ಕಾಲೇಜಿನ ಕಾರ್ಯಕ್ರಮಗಳಲ್ಲಿ ಪ್ರಿನ್ಸಿಪಾಲರ ಕೆಮ್ಮು, ಬಸ್ ಸ್ಟ್ಯಾಂಡಿನ ಮೈಕು, ನಮ್ಮ ಕುಸನೂರಿನ ಒಂದು ಎಮ್ಮೆ, ಆ ಎಮ್ಮೆಯ ಮಾಲೀಕ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮಾಡಿ ತೋರಿಸುತ್ತಿದ್ದೆ. ಎಮ್ಮೆ ಯಾವುದು, ಮಾಲೀಕ ಯಾರು ಎಂದು ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಅದು ನನ್ನ ದೋಷವಲ್ಲ, ಅವರಿಬ್ಬರ ಸಹವಾಸದ ಫಲ. ಸಂದರ್ಶನದಲ್ಲಿ ಒಬ್ಬರು “ನಿಮ್ಮ ವಿಶೇಷ ಸಾಮರ್ಥ್ಯವೇನು?” ಎಂದು ಕೇಳಿದರು. ನಾನು ಅವರದೇ ದನಿಯಲ್ಲಿ “ನಿಮ್ಮ ವಿಶೇಷ ಸಾಮರ್ಥ್ಯವೇನು?” ಎಂದೆ. ಅವರು ನಗಲಿಲ್ಲ. ಪಕ್ಕದವರು ನಕ್ಕರು. ಪುಣ್ಯಕ್ಕೆ ಪಕ್ಕದವರಿಗೆ ಅಧಿಕಾರ ಹೆಚ್ಚಿತ್ತು.

ಕೆಲಸ ಇಷ್ಟು. ಕಲಬುರಗಿಯ ಒಂದು ಟ್ರಸ್ಟ್ ದವಾಖಾನೆಯ ಕಾರಿಡಾರಿನಲ್ಲಿ, ಇಸಿಜಿ ಕೋಣೆಯ ಬಾಗಿಲ ಪಕ್ಕ, ನನಗೊಂದು ಟೇಬಲ್ ಮತ್ತು ಒಂದು ಟ್ಯಾಬ್. ವಿಮೆ ಇಲ್ಲದ ರೋಗಿಗಳು ಬಂದು ಕೂರುತ್ತಾರೆ. ಟ್ಯಾಬಿನೊಳಗಿನ ಆ್ಯಪ್ ಅವರ ಜೊತೆ ಕನ್ನಡದಲ್ಲಿ ಮಾತಾಡಿ, ಸರ್ಕಾರದ ಯಾವ ಯೋಜನೆ ಅವರಿಗೆ ಸಲ್ಲುತ್ತದೆ, ಯಾವ ಕಾರ್ಮಿಕರ ವಿಮೆ, ಯಾವ ದತ್ತಿಯ ನೆರವು ಎಂದು ಹುಡುಕಿ, ಅಲ್ಲೇ ಅರ್ಜಿ ಹಾಕಿ ಮಂಜೂರಾತಿ ತರಿಸುತ್ತದೆ. ಓದು ಬರಹ ಬಾರದವರಿಗೆ ವರದಾನ ಎಂದು ನನ್ನ ಟಿ-ಶರ್ಟಿನ ಬೆನ್ನ ಮೇಲೆ ಬರೆದಿತ್ತು. ಓದು ಬರಹ ಬಾರದವರು ಅದನ್ನು ಓದುವುದು ಹೇಗೆ ಎಂದು ನಾನು ಕೇಳಲಿಲ್ಲ. ಹೊಸ ಕೆಲಸ.

ಆ್ಯಪಿನ ದನಿ ಒಬ್ಬ ಹೆಣ್ಣುಮಗಳದು. ಜನ ಆಕೆಯನ್ನು ‘ಒಳಗಿನ ಮೇಡಂ’ ಎಂದು ಕರೆಯುತ್ತಿದ್ದರು. ಆಕೆಯ ಕನ್ನಡ ಇಸ್ತ್ರಿ ಮಾಡಿ ಮಡಚಿಟ್ಟಂಥದ್ದು. “ನಿಮ್ಮ ಕುಟುಂಬದ ವಾರ್ಷಿಕ ಆದಾಯವನ್ನು ತಿಳಿಸಿ” ಎನ್ನುತ್ತಿದ್ದಳು. ಒಬ್ಬ ವಯಸ್ಸಾದ ಮುತ್ಯಾ ಟ್ಯಾಬಿಗೆ ಕೈ ಮುಗಿದು, “ಅದೆಲ್ಲಾ ಇರಲಿ ಯವ್ವಾ, ನಿನಗ ಪಗಾರ ಬರೋಬರ್ ಕೊಡ್ತಾರೇನು?” ಎಂದು ವಿಚಾರಿಸಿದ. ಒಳಗಿನ ಮೇಡಂ ಸ್ವಲ್ಪ ಹೊತ್ತು ಯೋಚಿಸಿ, “ಕ್ಷಮಿಸಿ, ನಿಮ್ಮ ಉತ್ತರ ಕೇಳಿಸಲಿಲ್ಲ. ದಯವಿಟ್ಟು ಮತ್ತೊಮ್ಮೆ ಹೇಳಿ” ಎಂದಳು. ಮುತ್ಯಾ ನನ್ನ ಕಡೆ ತಿರುಗಿ, “ಕೊಡಂಗಿಲ್ಲ ಅನಸ್ತದ” ಎಂದ.

ವಾರದೊಳಗೆ ಒಳಗಿನ ಮೇಡಂ ದನಿ ನನ್ನ ಗಂಟಲಿಗೆ ಇಳಿಯಿತು. ಚಹಾ ಹುಡುಗನಿಗೆ ಆ ದನಿಯಲ್ಲೇ ಚಹಾ ಹೇಳುತ್ತಿದ್ದೆ. ಅವನು ಟ್ಯಾಬಿನ ಮುಂದೆ ಕಪ್ಪು ಇಟ್ಟು ಹೋಗುತ್ತಿದ್ದ.

ನಮ್ಮ ಮೇಲೆ ಒಬ್ಬ ಸಂಯೋಜಕರಿದ್ದರು. ಬ್ರಹ್ಮಪುರದವರು. ಸಮಾಧಾನದಲ್ಲಿದ್ದಾಗ ಕನ್ನಡ, ಸಿಟ್ಟು ಬಂದಾಗ ಮರಾಠಿ, ಮೇಲಿನವರ ಫೋನ್ ಬಂದಾಗ ಮೌನ. ಆ್ಯಪಿನಲ್ಲಿ ಮೊದಲು ಟೈಪ್ ಮಾಡುವುದಕ್ಕೂ ಜಾಗವಿತ್ತಂತೆ. ನನ್ನಂಥ ಸಹಾಯಕರೆಲ್ಲ ಅದನ್ನೇ ಬಳಸುತ್ತಾರೆ ಎಂದು ಗೊತ್ತಾದ ಮೇಲೆ ಅದನ್ನು ತೆಗೆಸಿಬಿಟ್ಟರು. “ಎಲ್ಲಾರೂ ಟೈಪೇ ಮಾಡಿದ್ರ, ಮಾತಾಡೋ ಆ್ಯಪ್ ಉಪಯೋಗ ಆಗ್ತದ ಅಂತ ಸಾಬೀತ ಮಾಡೋದು ಹೆಂಗಪಾ?” ಎಂದು ನನಗೆ ತಿಳಿಹೇಳಿದರು. ನಾನು ಅವರಂತೆಯೇ ಕತ್ತು ಒಂದು ಕಡೆ ವಾಲಿಸಿ ಕೇಳಿದೆ. ಅವರಿಗೆ ಅದು ವಿನಯದ ಹಾಗೆ ಕಂಡಿತು.

ಹೀಗಿರುವಾಗ ಒಂದು ಬುಧವಾರ ಮಧ್ಯಾಹ್ನ ಕಮಲಾಪುರದಿಂದ ಗಂಡ ಹೆಂಡತಿ ಬಂದರು. ಅವರನ್ನು ನಾನು ಆ ದಿನದಿಂದಲೂ ಕಾಕಾ, ಕಾಕು ಎಂದೇ ಕರೆಯುವುದು. ಕಾಕಾ ಹೆದ್ದಾರಿಯ ಬದಿ ನಿಂತು ಬಸ್ಸಿನ ಕಿಟಕಿಗಳಿಗೆ ಕೆಂಪು ಬಾಳೆಹಣ್ಣು ಮಾರುವವರು. ಅವರು ಒಮ್ಮೆ ಕೂಗಿದರೆ, ಕಮಲಾಪುರದಲ್ಲಿ ನಿಲುಗಡೆಯೇ ಇಲ್ಲದ ಬಸ್ಸಿನ ಡ್ರೈವರನೂ ಬ್ರೇಕ್ ಒತ್ತುತ್ತಿದ್ದನಂತೆ. ಕೂಗಿ ಕೂಗಿ ಗಂಟಲೊಳಗೆ ಒಂದು ಗಂಟು ಬೆಳೆದಿತ್ತು. ಈಗ ಅವರು ಬಾಯಿ ತೆರೆದರೆ ಪಂಕ್ಚರ್ ಅಂಗಡಿಯ ಪಂಪಿನ ಸದ್ದು. ಗಂಟು ತೆಗೆಯುವ ಡಾಕ್ಟರು ಸೊಲ್ಲಾಪುರದಿಂದ ವಾರಕ್ಕೊಮ್ಮೆ ಗುರುವಾರ ಬರುವವರು. ಮರುದಿನದ ಸರದಿ ಮುಗಿದರೆ ಅವರಿಗೆ ದೀರ್ಘ ರಜೆ. ತಡ ಮಾಡಿದರೆ ದನಿ ಪೂರ್ತಿ ಹೋದೀತು ಎಂದು ಹೇಳಿದ್ದರು. ಬುಧವಾರ ಸಂಜೆಯೊಳಗೆ ಮಂಜೂರಾತಿ ಬಂದರೆ ಕಾಕಾನ ಹೆಸರು ಗುರುವಾರದ ಸರದಿಯಲ್ಲಿ. ಬರದಿದ್ದರೆ ಕಾಕಾ ಸನ್ನೆಯಲ್ಲಿ ಬಾಳೆಹಣ್ಣು ಮಾರಬೇಕು, ಅದೂ ಓಡುವ ಬಸ್ಸಿಗೆ.

ಕಾಕಾನ ಬೆರಳು ಒತ್ತಿಸಿದೆ. ಆಧಾರ್ ಒಪ್ಪಿತು. ರೇಷನ್ ಕಾರ್ಡ್ ತೋರಿಸಿದೆ. ಅದೂ ಒಪ್ಪಿತು. ಒಳಗಿನ ಮೇಡಂ ಕೊನೆಯದಾಗಿ, “ಅರ್ಜಿಗೆ ಒಪ್ಪಿಗೆ ಸೂಚಿಸಲು, ಬೀಪ್ ಸದ್ದಿನ ನಂತರ ರೋಗಿಯ ಹೆಸರನ್ನು ಸ್ಪಷ್ಟವಾಗಿ ಹೇಳಿ” ಎಂದಳು.

ಕಾಕಾ ಪಾಪ ಬಗ್ಗಿ, ಇದ್ದ ಉಸಿರನ್ನೆಲ್ಲ ಸೇರಿಸಿ ಹೇಳಿದರು.

“ಹಿನ್ನೆಲೆಯ ಸದ್ದು ಹೆಚ್ಚಾಗಿದೆ. ದಯವಿಟ್ಟು ಶಾಂತ ಸ್ಥಳಕ್ಕೆ ತೆರಳಿ.”

ನಾವು ಮೂವರೂ ಟ್ಯಾಬ್ ಎತ್ತಿಕೊಂಡು ಮೆಟ್ಟಿಲ ಕೆಳಗೆ ಹೋದೆವು. ಅಲ್ಲಿ ಗೋಡೆಯ ಮೇಲೆ ಹಲ್ಲಿಯೂ ಸುಮ್ಮನಿತ್ತು. ಕಾಕಾ ಮತ್ತೆ ಹೇಳಿದರು. ಒಳಗಿನ ಮೇಡಂ ಮತ್ತೆ ಅದನ್ನೇ ಹೇಳಿದಳು. ಗಂಟಲು ಕೆಟ್ಟವನಿಗೆ ಗಂಟಲಿನ ಆಪರೇಷನ್ ಬೇಕಾದರೆ ಮೊದಲು ಗಂಟಲು ಚೆನ್ನಾಗಿರಬೇಕು ಎಂಬುದು ಆಕೆಯ ನಿಲುವು.

ಟೇಬಲ್ಲಿಗೆ ಮರಳಿ ಸಂಯೋಜಕರಿಗೆ ಫೋನ್ ಮಾಡಿದೆ. “ರೋಗಿ ಹೇಳ್ಬೇಕು, ಇಲ್ಲಾ ಅದೇ ರೇಷನ್ ಕಾರ್ಡಿನ್ಯಾಗ ಇದ್ದವರು ಹೇಳ್ಬೇಕು. ನಡುವ ನೀನು ಹೇಳಿದಿ ಅಂದ್ರ ನಿನ್ನ ನೌಕರಿ ಹೋಗ್ತದ, ನಂದೂ ಹೋಗ್ತದ, ನನಗ ನಂದರ ಬೇಕು ನೋಡು” ಎಂದರು. ರೇಷನ್ ಕಾರ್ಡಿನಲ್ಲಿ ಇದ್ದದ್ದು ಎರಡೇ ಹೆಸರು. ಹೆಣ್ಣುಮಕ್ಕಳ ಹೆಸರು ಮದುವೆಯಾದ ಮೇಲೆ ತೆಗೆಸಿದ್ದರು. ಹಾಗಾಗಿ ಕಾಕುಗೆ ಟ್ಯಾಬ್ ಹಿಡಿದೆ.

“ಕಾಕು, ಬೀಪ್ ಅಂದ ಮ್ಯಾಲ ಕಾಕಾನ ಹೆಸರು ಹೇಳ್ರಿ.”

ಕಾಕು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನನ್ನನ್ನು ಹೇಗೆ ನೋಡಿದರೆಂದರೆ, ನಾನು ಏನೋ ಕೇಳಬಾರದ್ದನ್ನು ಕೇಳಿದ ಹಾಗೆ.

“ನಾ ಹೆಂಗ ಹೇಳ್ಲಿ ತಮ್ಮಾ? ಗಂಡನ ಹೆಸರು ಹಿಡದ್ರ ಆಯುಷ್ಯ ಕಡಿಮಿ ಆಗ್ತದ.”

“ಒಂದು ಸಲಾ ಹೇಳಿದ್ರ ಎಷ್ಟು ಕಡಿಮಿ ಆಗ್ತದ್ರೀ?”

“ನಾಳಿ ಆಪರೇಷನ್ ಅದ. ಇವತ್ತ ಆಯುಷ್ಯ ಕಡಿಮಿ ಮಾಡ್ಲೇನು?”

ವಿಮಾ ಕಂಪನಿಯವರೇ ಇಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕುವುದಿಲ್ಲ. ಕಾಕಾ ಕೈಸನ್ನೆಯಲ್ಲಿ, ಹೇಳು, ನನಗೇನೂ ಆಗುವುದಿಲ್ಲ ಎಂದರು. ಕಾಕು ಅತ್ತ ನೋಡಲೇ ಇಲ್ಲ. ಮಾತು ನಿಂತ ಗಂಡನಿಂದ ಅವರಿಗೆ ಆ ಒಂದು ಅನುಕೂಲವಿತ್ತು.

ಆಗ ನನ್ನ ಹಳೆಯ ಕಸುಬು ಎಚ್ಚರಾಯಿತು. ಕಾಕುವಿನ ದನಿ ನನಗೆ ಆಗಲೇ ಬಂದಿತ್ತು. ಮೂಗಿನಿಂದ ಸುರುವಾಗಿ ಕೊನೆಯಲ್ಲಿ ಸ್ವಲ್ಪ ಏರುವ ದನಿ. “ನೀವು ಬರೀ ಹೂಂ ಅನ್ರಿ ಕಾಕು, ನಿಮ್ಮ ದನಿಯಾಗ ನಾ ಹೇಳ್ತೀನಿ” ಎಂದು ಅವರ ದನಿಯಲ್ಲೇ ಹೇಳಿ ತೋರಿಸಿದೆ. ನೌಕರಿಯ ಭಯಕ್ಕಿಂತ ಕಲೆಯ ಹೆಮ್ಮೆ ದೊಡ್ಡದಾಗಿತ್ತು.

ಕಾಕು ತಮ್ಮದೇ ದನಿ ಕೇಳಿ ಬೆಚ್ಚಿದರು. ಆಮೇಲೆ ಬಹಳ ಶಾಂತವಾಗಿ ಕೇಳಿದರು: “ನನ್ನ ದನಿಲೆ ನೀ ಅವರ ಹೆಸರು ಹಿಡದ್ರ, ನಾ ಹೇಳಿದಂಗ ಆಗಂಗಿಲ್ಲೇನು? ಇಲ್ಲಾ, ಅವರು ನಿನಗ ಗಂಡ ಆಗ್ತಾರೇನು? ಎರಡರಾಗ ಒಂದು ಹೇಳು.”

ಕಾಕಾ ಪಂಪಿನ ಸದ್ದಿನಲ್ಲಿ ನಕ್ಕರು. ನಾನು ಟ್ಯಾಬಿನ ಗಾಜು ಒರೆಸತೊಡಗಿದೆ.

ಕಾರಿಡಾರಿನ ಬೆಂಚಿನಲ್ಲಿ ಮೋಮಿನಪುರದ ಒಬ್ಬ ಹೆಂಗಸು, ಎಲ್ಲರಿಗೂ ಖಾಲಾ, ಊಟದ ಡಬ್ಬಿ ಹಿಡಿದು ಕೂತಿದ್ದರು. ಅವರ ಅತ್ತೆ ಒಳಗೆ ವಾರ್ಡಿನಲ್ಲಿದ್ದರು. ಅತ್ತೆಗಿಂತ ನಮ್ಮ ಟೇಬಲ್ಲಿನ ವಿಷಯ ಅವರಿಗೆ ರುಚಿಸಿತ್ತು. ಡಬ್ಬಿ ಬದಿಗಿಟ್ಟು ಎದ್ದು ಬಂದರು.

“ಅರೆ ಅಮ್ಮಾ, ಬೋಲ್ ದೇವ್ ನಾ, ಹೇಳಿಬಿಡ್ರಿ. ಶಾದಿಯಾಗ ಹೇಳಿರ್ತೀರಲ್ಲ, ಬಾಗಿಲಾಗ ನಿಂತು, ಹಾಡಿನಂಗ. ಹಮಾರೆ ಬಾಜೂ ಮನಿಯಾಗ ನಾನು ಕೇಳೀನಿ. ಅದು ನಡೀತದಲ್ಲ?”

ಎಲ್ಲರೂ ಕಾಕುವಿನ ಮುಖ ನೋಡಿದೆವು. ಖಾಲಾ ಹೇಳಿದ್ದು ಒಡಪಿನ ಮಾತು. ನಮ್ಮ ಕಡೆ ಮದುವೆಯಲ್ಲಿ ಹೊಸ ಹೆಣ್ಣು ಗಂಡಿನ ಮನೆಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಹೆಸರನ್ನು ಬರಿದೇ ಹೇಳುವ ಹಾಗಿಲ್ಲ. ಪ್ರಾಸ ಕಟ್ಟಿದ ಒಂದು ಒಡಪಿನೊಳಗೆ ಅಡಗಿಸಿ ಹೇಳಬೇಕು. ಹಾಗೆ ಹೇಳಿದರೆ ಆಯುಷ್ಯಕ್ಕೆ ತೊಂದರೆಯಿಲ್ಲ.

“ಒಡಪಿನ್ಯಾಗ ಆದ್ರ ಹೇಳ್ತೀನಿ,” ಎಂದರು ಕಾಕು. ನಾನು ಟ್ಯಾಬ್ ಮುಂದೆ ಹಿಡಿದೆ. ಕಾಕು ಅದನ್ನು ಹಿಂದೆ ಸರಿಸಿದರು. “ಹಿಂಗ ಸುಮ್ಮಸುಮ್ಮಕ ಒಡಪು ಹೇಳಾಕ ಬರ್ತದೇನು? ಯಾರರ ಬಾಗಿಲು ತಡೀಬೇಕಲ್ಲ?”

ಹತ್ತಿರವಿದ್ದ ಬಾಗಿಲೆಂದರೆ ಇಸಿಜಿ ಕೋಣೆಯದು. ಖಾಲಾ ಹೋಗಿ ಅಡ್ಡ ನಿಂತರು. ಒಬ್ಬರೇ ಸಾಲದು, ನಾದಿನಿಯರು ಕನಿಷ್ಠ ಇಬ್ಬರು ಇರಬೇಕೆಂದು ಕಾಕು ಹೇಳಿದ್ದಕ್ಕೆ, ಔಷಧಿ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದ ಸಿಸ್ಟರನ್ನು ಸೇರಿಸಿಕೊಂಡೆವು. ಟ್ರಾಲಿಯೂ ಅಡ್ಡ ನಿಂತಿತು. ಬೇರೆ ರೋಗಿಗಳ ಕಡೆಯ ಹೆಂಗಸರು ತಾವಾಗಿಯೇ ಬಂದರು. ಬಾಗಿಲು ಎಷ್ಟು ಚೆನ್ನಾಗಿ ಬಂದಾಯಿತೆಂದರೆ, ಒಳಗೆ ಎದೆಗೆ ವೈರು ಹಚ್ಚಿಸಿಕೊಂಡು ಮಲಗಿದ್ದವರು “ಹೊರಗ ಏನು ಗದ್ದಲರೀ?” ಎಂದು ಕೂಗಿದರು. ರೌಂಡ್ಸಿಗೆ ಬಂದ ಡಾಕ್ಟರು ಅದನ್ನು ಧರಣಿ ಎಂದುಕೊಂಡರು.

“ಏನಮ್ಮಾ, ಏನು ನಿಮ್ಮ ಬೇಡಿಕೆ?”

“ಇವರ ಗಂಡನ ಹೆಸರು, ಸರ್” ಎಂದರು ಸಿಸ್ಟರ್.

ಡಾಕ್ಟರು ಬಂದ ದಾರಿಯಲ್ಲೇ ಹಿಂದಿರುಗಿದರು.

ಕಾಕು ಸೆರಗು ತಲೆಯ ಮೇಲೆ ಎಳೆದುಕೊಂಡು, ಹೊಸ ಮದುಮಗಳ ಹಾಗೆ ನೆಲ ನೋಡುತ್ತಾ ನಿಂತರು. ಬೀಪ್ ಆಯಿತು. ಕಾಕು ಸುರು ಮಾಡಿದರು.

“ಹೆದ್ದಾರಿ ದಂಡ್ಯಾಗ ಹಸಿರು ತ್ವಾಟ, ತ್ವಾಟದಾಗ ಕೆಂಪು ಬಾಳಿ, ಬಾಳಿಗಿ ಚೆಂದದ ಗೊನಿ…”

“ಧನ್ಯವಾದಗಳು,” ಎಂದಳು ಒಳಗಿನ ಮೇಡಂ. “ರೋಗಿಯ ಹೆಸರು: ಹೆದ್ದಾರಿ ದಂಡ್ಯಾಗ ಹಸಿರು ತ್ವಾಟ ತ್ವಾಟದಾಗ ಕೆಂಪು ಬಾಳಿ. ಈ ಹೆಸರು ರೇಷನ್ ಕಾರ್ಡಿನೊಂದಿಗೆ ಹೊಂದಿಕೆಯಾಗುತ್ತಿಲ್ಲ.”

“ತಡೀಬೇಕಲ್ಲ ಯವ್ವಾ,” ಎಂದು ಕಾಕು ಸಿಟ್ಟಾದರು. “ಇನ್ನಾ ಗೊನಿಗೇ ಬಂದೀನಿ. ಗಂಡ ಕೊನೀಗಿ ಬರ್ತಾನ.”

ತೊಂದರೆ ಅರ್ಥವಾಯಿತು. ಒಡಪಿನಲ್ಲಿ ಹೆಸರು ಬರುವುದು ಕೊನೆಯ ಸಾಲಿನಲ್ಲಿ, ಬೇಕೆಂದೇ ಸತಾಯಿಸಿ. ಒಳಗಿನ ಮೇಡಂ ಕಿವಿಗೊಡುವುದು ಕೆಲವೇ ಕ್ಷಣ. ಗಂಡನ ಹೆಸರು ಕೇಳುವ ಆಸೆ ಅವಳಿಗೆ ನಾದಿನಿಯರಷ್ಟು ಇರಲಿಲ್ಲ.

ಹಾಗಾಗಿ ಒಡಪನ್ನು ಕತ್ತರಿಸುವ ಕೆಲಸ ಶುರುವಾಯಿತು. ಅಷ್ಟು ದೊಡ್ಡ ಸಂಪಾದಕ ಮಂಡಳಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಹೆದ್ದಾರಿ ಬೇಡ ಎಂದರು ಖಾಲಾ. ತೋಟ ತೆಗೆಯಿರಿ, ಬಾಳಿ ಎಂದ ಮೇಲೆ ತೋಟ ಬಂದೇ ಬಂತು ಎಂದರು ಸಿಸ್ಟರ್. ಹೆಸರನ್ನೇ ಮೊದಲು ಹೇಳಿಬಿಡಿ, ಆಮೇಲೆ ಬೇಕಾದಷ್ಟು ತೋಟ ಹಾಕಿ ಎಂದೆ ನಾನು. ಎಲ್ಲ ಹೆಂಗಸರೂ ಒಟ್ಟಿಗೆ ನನ್ನತ್ತ ನೋಡಿದರು. ಹೆಸರು ಮೊದಲು ಬಂದರೆ ಅದೆಂಥ ಒಡಪು? ಮದುವೆಯಾಗದ ಹುಡುಗ ಬಾಯಿ ಮುಚ್ಚಿಕೊಂಡಿರಬೇಕೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಸಂಯೋಜಕರು ಏದುಸಿರು ಬಿಡುತ್ತಾ ಬಂದು, ಗುಂಪು ನೋಡಿ, “ಹೇ ಕಾಯ್ ಚಾಲಲಂಯ್?”, ಇದೇನು ನಡೆದಿದೆ, ಎಂದರು. ಮರಾಠಿಗೆ ಬಂದಿದ್ದಾರೆ ಎಂದ ಮೇಲೆ ಹೊತ್ತು ಸರಿಯಿಲ್ಲ. ಗಡಿಯಾರ ನೋಡಿದೆ. ಸರದಿಯ ಪಟ್ಟಿ ಮುಚ್ಚುವ ಸಮಯ ಹತ್ತಿರವಾಗಿತ್ತು. ಕಾಕಾ ಬೆಂಚಿನ ತುದಿಯಲ್ಲಿ ಗಂಟಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಅವರು ಈಗ ನಗುತ್ತಿರಲಿಲ್ಲ.

ಕಾಕು ಅವರನ್ನು ಒಮ್ಮೆ ನೋಡಿದರು. ಆಮೇಲೆ ನಾದಿನಿಯರಿಗೆ, “ಸರೀಗಿ ತಡೀರಿ” ಎಂದರು. ಸಂಯೋಜಕರೂ ತಿಳಿಯದೆ ಕೈ ಅಡ್ಡ ಚಾಚಿದರು. ಬೀಪ್.

“ಕೆಂಪು ಬಾಳಿ ಗೊನಿ, ಬಸ್ ನಿಲ್ಲಿಸೊ ದನಿ, … ನನ್ನ ಧಣಿ.”

ಆ ಚುಕ್ಕಿಗಳ ಜಾಗದಲ್ಲಿ ಹೆಸರಿತ್ತು. ಇಲ್ಲಿ ನಾನೂ ಬರೆಯುವುದಿಲ್ಲ. ಕಾಕು ಇದನ್ನು ಯಾರಿಂದಲಾದರೂ ಓದಿಸಿ ಕೇಳುವುದು ಖಂಡಿತ, ಪ್ರಾಸವಿಲ್ಲದೆ ಬರೆದಿದ್ದೇನೆಂದು ಗೊತ್ತಾದರೆ ನನಗೆ ಉಳಿಗಾಲವಿಲ್ಲ.

ಒಳಗಿನ ಮೇಡಂ ತನ್ನ ಇಸ್ತ್ರಿ ಮಾಡಿದ ದನಿಯಲ್ಲಿ ಇಡೀ ಒಡಪನ್ನು ತಿರುಗಿ ಓದಿ ಹೇಳಿದಳು. ಕೊನೆಗೆ “ನನ್ನ ಧಣಿ. ಸರಿಯೇ?” ಎಂದು ಕೇಳಿದಳು. ಕಾಕು ಮುಖ ಕೆಂಪಗೆ ಮಾಡಿಕೊಂಡು, “ಹೌದ್ರೀ” ಎಂದರು. “ಹೆಸರು ಹೊಂದಿಕೆಯಾಗಿದೆ. ಅರ್ಜಿ ಮಂಜೂರಾಗಿದೆ.” ಒಡಪಿನೊಳಗೆಲ್ಲೋ ರೇಷನ್ ಕಾರ್ಡಿನ ಹೆಸರು ಇತ್ತಲ್ಲ, ಅವಳಿಗೆ ಅಷ್ಟು ಸಾಕಾಗಿತ್ತು. ಖಾಲಾ ಬಾಗಿಲು ಬಿಟ್ಟರು. ಇಸಿಜಿ ಮುಗಿದವರು ಹೊರಬಂದು, ತಮ್ಮ ಹೃದಯದ ಬಗ್ಗೆ ಯಾರೂ ಕೇಳದಿದ್ದಕ್ಕೆ ಬೇಜಾರು ಮಾಡಿಕೊಂಡು ಹೋದರು.

ಆದರೆ ಕಾಕು ಹೇಳಿದ ಇಡೀ ಒಡಪನ್ನೇ ಆ್ಯಪ್ ರೋಗಿಯ ಹೆಸರೆಂದು ದಾಖಲಿಸಿಕೊಂಡಿತ್ತು. ಮರುದಿನ ಬೆಳಿಗ್ಗೆ ಆಪರೇಷನ್ ಕೋಣೆಯ ಹೊರಗೆ, ತೆರೆಯ ಮೇಲೆ ಇದ್ದದ್ದನ್ನಷ್ಟೇ ಓದುವ ಶಿಸ್ತಿನ ಗುಮಾಸ್ತರು ಮೈಕಿನಲ್ಲಿ ಕರೆದರು: “ಕೆಂಪು ಬಾಳಿ ಗೊನಿ, ಬಸ್ ನಿಲ್ಲಿಸೊ ದನಿ…” ಪೂರ್ತಿ. ಎರಡು ಸಲ. ಮೂರು ಮಹಡಿಗೂ ಕೇಳಿಸಿತು. ಕಾಕಾ ಹಸಿರು ಗೌನಿನಲ್ಲಿ ಎದ್ದು ನಿಂತು, ಮೊದಲ ಸಲ ಗಂಟಲಿನ ನೋವು ಮರೆತ ಹಾಗೆ ಎದೆಯುಬ್ಬಿಸಿ ನಡೆದರು. ಸೊಲ್ಲಾಪುರದ ಡಾಕ್ಟರು ಪಟ್ಟಿ ನೋಡಿ, “ಏವಢಂ ಮೋಠಂ ನಾಂವ್?” ಎಂದರಂತೆ. ಇಷ್ಟು ದೊಡ್ಡ ಹೆಸರೇ ಎಂದು. ಸಿಸ್ಟರ್ ಗಂಭೀರವಾಗಿ, “ದೊಡ್ಡ ಮನೆತನದವರು ಅದಾರ, ಸರ್” ಎಂದರಂತೆ.

ಔಷಧಿ ಅಂಗಡಿಯ ತೆರೆಯಲ್ಲಿ ಜಾಗ ಕಡಿಮೆ. ಹೆಸರಿನ ಬಾಲ ಮಾತ್ರ ಕಾಣುತ್ತಿತ್ತು. ಅಲ್ಲಿನ ಹುಡುಗಿ ಕಿಟಕಿಯಿಂದ ತಲೆ ಹಾಕಿ, “ನನ್ನ ಧಣಿ, ನನ್ನ ಧಣಿ ಯಾರ್ರೀ?” ಎಂದು ಬಹಳ ಹೊತ್ತು ಕರೆದಳು. ಸಾಲಿನಲ್ಲಿದ್ದ ಗಂಡಸರು ಆಕಾಶ ನೋಡಿದರು. ಒಬ್ಬನ ಹೆಂಡತಿ ಅವನನ್ನು ಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಕೊನೆಗೆ ಕಾಕು, “ನನ್ನವರೇ ಅದಾರ, ಕೊಡ್ರಿ” ಎಂದು ಗುಳಿಗೆ ತೆಗೆದುಕೊಂಡರು.

ಸಂಯೋಜಕರು ಮೇಲಿನವರಿಗೆ ಬರೆದ ವರದಿಯಲ್ಲಿ ‘ಸಮುದಾಯದ ಸಕ್ರಿಯ ಪಾಲ್ಗೊಳ್ಳುವಿಕೆ’ ಎಂದಿತ್ತು. ಅವರು ಕೈ ಚಾಚಿ ಬಾಗಿಲು ತಡೆದದ್ದು ಇರಲಿಲ್ಲ. ನಾನು ಈಗಲೂ ಅವರನ್ನು ಅಣಕಿಸುವಾಗ ಆ ಕೈಯನ್ನು ಸೇರಿಸುತ್ತೇನೆ.

ತಿಂಗಳ ಮೇಲೆ ಕಮಲಾಪುರದಲ್ಲಿ ನಮ್ಮ ಶಿಬಿರವಿತ್ತು. ಊರ ಹೆಂಗಸರಿಗೆ ಆಗಲೇ ವಿಷಯ ಮುಟ್ಟಿತ್ತು. ಒಳಗಿನ ಮೇಡಂ ಗಂಡನ ಹೆಸರು ಕೇಳುತ್ತಾಳಂತೆ ಎಂದು ಎಲ್ಲರೂ ಮನೆಯಲ್ಲೇ ಒಡಪು ಕಟ್ಟಿ, ತಕ್ಕ ಅಳತೆಗೆ ಕತ್ತರಿಸಿಕೊಂಡು ಬಂದಿದ್ದರು. ಗಂಡಂದಿರಿಗೆ ಗಂಟಲು ಚೆನ್ನಾಗಿದ್ದರೂ ಬಿಡಲಿಲ್ಲ, “ನಾನೇ ಹೇಳ್ತೀನಿ ಸರೀರಿ” ಎಂದರು. ಮಧ್ಯಾಹ್ನ ಕಾಕು ಬಂದು ನನ್ನನ್ನು ಊಟಕ್ಕೆ ಕರೆದರು.

ದಾರಿಯಲ್ಲಿ ಕಾಕುವಿನ ಮುಖ ಸರಿಯಿರಲಿಲ್ಲ. “ಗಂಟು ತಗದ ಮ್ಯಾಲ ಬಾಯಿ ಬಿಡಬ್ಯಾಡ್ರಿ ಅಂದಿದ್ರು. ಈಗ ಇಲ್ಲಿ ಡಾಕ್ಟರು ಇನ್ನ ಮಾತಾಡ್ರಿ ಅಂದು ನಾಕೈದು ದಿನಾ ಆತು ತಮ್ಮಾ. ಇವರು ಬಾಯೇ ಬಿಡವಲ್ರು. ನೀರು ಬೇಕಂದ್ರ ತಂಬಿಗಿ ತೋರಸ್ತಾರ. ಮಾತಾಡಿದ್ರ ಏನು ಬರ್ತದೋ ಅಂತ ಅಂಜಾಕತ್ತಾರ.”

“ನೀವೇನಂದ್ರಿ?”

“ನಾ ಏನು ಅನ್ಲಿ? ನನಗೂ ಅಂಜಿಕಿ ಅದ.”

ಮನೆ ಓಣಿಯ ಕೊನೆಗೆ, ಹೆದ್ದಾರಿಗೆ ಬೆನ್ನು ಹಾಕಿ. ನಾವು ಮುಟ್ಟುವಷ್ಟರಲ್ಲಿ ಕಾಕಾ ಖಾಲಿ ಬುಟ್ಟಿ ಹೊತ್ತು ಬರುತ್ತಿದ್ದರು. ಬೆಳಗಿನಿಂದ ಸುಮ್ಮನೆ ನಿಂತು ಎಷ್ಟು ಮಾರಿದರೋ, ತಾವೇ ಎಷ್ಟು ತಿಂದರೋ. ನನ್ನನ್ನು ನೋಡಿ ಕೈಯೆತ್ತಿದರು. ಕಾಕು ಸರಸರನೆ ಮುಂದೆ ಹೋಗಿ, ಹೊಸ್ತಿಲ ಮೇಲೆ ನಿಂತು, ಎರಡೂ ಕೈ ಚೌಕಟ್ಟಿಗೆ ಹಚ್ಚಿದರು. ಪಕ್ಕದ ಮನೆಯ ಇಬ್ಬರು ಹೆಂಗಸರು ಯಾರೂ ಕರೆಯದೆ ಬಂದು ಸೇರಿದರು. ಇಂಥದಕ್ಕೆ ಕರೆಯಬೇಕಾಗಿಲ್ಲ.

“ನನ್ನ ಹೆಸರು ಹೇಳಿ ಒಳಗ ಬರ್ರಿ,” ಎಂದರು ಕಾಕು.

ಕಾಕಾ ಬುಟ್ಟಿ ಇಳಿಸಿದರು. ನನ್ನ ಕಡೆ ನೋಡಿದರು. ನಾನು ಓಣಿಯ ತಂತಿಯ ಮೇಲಿನ ಕಾಗೆ ನೋಡಿದೆ. ಎಷ್ಟೋ ಹೊತ್ತು ಯಾರೂ ಸರಿಯಲಿಲ್ಲ. ಒಳಗಿನಿಂದ ಸಾರಿನ ವಾಸನೆ ಬರುತ್ತಿತ್ತು. ಅದೂ ಕಾಕುವಿನ ಪಕ್ಷ. ಕೊನೆಗೆ ಕಾಕಾ ಗಂಟಲು ಸರಿ ಮಾಡಿಕೊಂಡು, ನೆಲ ನೋಡುತ್ತಾ, ಜರಡಿ ಹಿಡಿದ ಹಾಗೆ ಒಂದು ಸಣ್ಣ ದನಿಯಲ್ಲಿ ಹೇಳಿದರು.

“ಗಂಟಲಾಗಿನ ಗಂಟು ಡಾಕ್ಟರ್ ಬಿಚ್ಚ್ಯಾರ, … ಹಾಕಿದ ಗಂಟು ಯಾರು ಬಿಚ್ತಾರ?”

ಮಾತು ಇತ್ತು. ಪಂಪಿನ ಸದ್ದಿರಲಿಲ್ಲ. ಆದರೆ ಇದು ಬಸ್ ನಿಲ್ಲಿಸುವ ದನಿಯಲ್ಲ. ಕಾಕುವಿನ ಕೈ ಚೌಕಟ್ಟಿನ ಮೇಲೆಯೇ ಇತ್ತು, ಹಿಡಿತ ಮಾತ್ರ ಸಡಿಲವಾಗಿತ್ತು. ಕಾಕಾ ಅದನ್ನು ನೋಡಿ ಮತ್ತೆ ನೆಲಕ್ಕೆ ಕಣ್ಣು ಹಾಕಿದರು.

ನಾನು ಹಿಂದಿನಿಂದ, ಇಸ್ತ್ರಿ ಮಾಡಿದ ದನಿಯಲ್ಲಿ, “ಕ್ಷಮಿಸಿ, ನಿಮ್ಮ ಉತ್ತರ ಕೇಳಿಸಲಿಲ್ಲ. ದಯವಿಟ್ಟು ಮತ್ತೊಮ್ಮೆ ಹೇಳಿ” ಎಂದೆ.

ಕಾಕಾ ಗರಕ್ಕನೆ ತಿರುಗಿದರು. “ಆಕಿಗಿ ಕೇಳಸ್ಯಾದ. ನಿನಗ ಯಾಕ ಬೇಕೋ ಭಾಡ್ಕೋ?”

“ಮೇಡಂ ಹೇಳಿದ್ರ ಹೇಳಬೇಕು,” ಎಂದರು ಕಾಕು. “ನಾ ಹೇಳಿಲ್ಲೇನು, ಅಷ್ಟು ಮಂದಿ ಮುಂದ?”

ಕಾಕಾ ಉಸಿರು ತೆಗೆದುಕೊಂಡು, ಹೆದ್ದಾರಿಯಲ್ಲಿ ನಿಲ್ಲುವ ಹಾಗೆ ಕಾಲು ಅಗಲಿಸಿ ನಿಂತು, ಒಡಪನ್ನು ಮತ್ತೆ ಹೇಳಿದರು. ಈ ಸಲ ಜೋರಾಗಿ. ಹೆಸರಿನ ಹತ್ತಿರ ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. ಹೆದ್ದಾರಿಯಲ್ಲಿ ಬೀದರದ ಬಸ್ಸೊಂದು ತನ್ನ ಪಾಡಿಗೆ ಹೋಯಿತು. ಓಣಿಯಲ್ಲಿ ಹೋಗುತ್ತಿದ್ದ ಒಂದು ಸೈಕಲ್ ಮಾತ್ರ ಗಕ್ಕನೆ ನಿಂತಿತು; ಸವಾರ ಒಂದು ಕಾಲು ನೆಲಕ್ಕೂರಿ, ಯಾರು ಕರೆದರೆಂದು ಹಿಂದೆ ನೋಡಿದ.

“ಸೈಕಲ್ಲಿನಿಂದ ಸುರು ಆಗಲಿ,” ಎಂದು ಕಾಕು ಕೈ ತೆಗೆದು ಬಾಗಿಲು ಬಿಟ್ಟರು.